ರೆಪ್ಪೆ ಬಿದ್ದರೆ ಸುದ್ದಿ

ಊಟವಾದ ಮೇಲೆ ಗುಮಾಸ್ತರು ಫೈಲಿನ ಮೇಲೆ ತಲೆ ಇಟ್ಟರೆ ನಾವು ಸದ್ದು ಮಾಡದೆ ವಾಪಸ್ ಬರುತ್ತೇವೆ. ಎಬ್ಬಿಸಿದರೆ ಕೆಲಸ ಕೆಡುತ್ತದಲ್ವಾ? ಪಾಪ, ಈ ಮರ್ಯಾದೆ ಪ್ರಧಾನಿಗೆ ಮಾತ್ರ ಇಲ್ಲ.

1996 ನೆನಪಿಸಿಕೊಳ್ಳಿ. ಆ ಕುರ್ಚಿ ಖಾಲಿ ಇತ್ತು. ವಿ.ಪಿ. ಸಿಂಗ್ ಒಲ್ಲೆ ಅಂದರು. ಜ್ಯೋತಿ ಬಸು ಅವರನ್ನು ಅವರ ಪಕ್ಷವೇ ಬಿಡಲಿಲ್ಲ. ಕೊನೆಗೆ ಹರದನಹಳ್ಳಿಯ ದೇವೇಗೌಡರ ಪಾಲಿಗೆ ಬಂತು. ಜೂನ್ 1ಕ್ಕೆ ಪ್ರಮಾಣವಚನ. ಒಳಗೆ 13 ಪಕ್ಷಗಳ ಸಂತೆ, ಹೊರಗಿನಿಂದ ಕಾಂಗ್ರೆಸ್ಸಿನ ಬೆಂಬಲ. ಇಷ್ಟು ಜನ ನೆಂಟರನ್ನು ಸಂಭಾಳಿಸುವ ಮನೆಯಲ್ಲಿ ಯಜಮಾನನಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಅದು ಹಗಲು ಬಂತು. ಸಭೆಯಲ್ಲೇ ಬಂತು. ಕ್ಯಾಮೆರಾದವರು ಅದಕ್ಕೇ ಕಾದಿದ್ದರು.

ಆಗಸ್ಟ್ 15ಕ್ಕೆ ಕೆಂಪುಕೋಟೆಯಲ್ಲಿ ಗೌಡರು ಹಿಂದಿ ಭಾಷಣವನ್ನು ಕನ್ನಡ ಅಕ್ಷರದಲ್ಲಿ ಬರೆಸಿಕೊಂಡು ಓದಿದರು. ಬಾರದ ಭಾಷೆಯಲ್ಲಿ ದೇಶದ ಮುಂದೆ ನಿಂತು ಮಾತಾಡುವ ಕಷ್ಟ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. ತೂಕಡಿಸಿದ್ದು ಎಲ್ಲರಿಗೂ ನೆನಪಿದೆ.

ನಮ್ಮ ಅಜ್ಜನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ವಾರ್ತೆ ಶುರುವಾದರೆ ಸಾಕು, ಆರಾಮ ಕುರ್ಚಿಯಲ್ಲಿ ಅವರ ಗದ್ದ ಎದೆಗೆ ತಾಗುತ್ತಿತ್ತು. ಮೆಲ್ಲಗೆ ಹೋಗಿ ಟಿವಿ ಆರಿಸಿದರೆ, "ಯಾಕ್ಲಾ ಆರ್ಸ್ದೆ? ಕೇಳ್ತಿದ್ನಲ್ಲ!" ಅನ್ನುತ್ತಿದ್ದರು. ಪರೀಕ್ಷೆ ಮಾಡಲು ಹೋದರೆ ಅರ್ಧ ವಾರ್ತೆ ಸರಿಯಾಗೇ ಹೇಳುತ್ತಿದ್ದರು. ಗೌಡರ ಕುರ್ಚಿ ಕೂಡ ನಿದ್ದೆಯಿಂದ ಹೋಗಲಿಲ್ಲ ನೋಡಿ. ಹೋದದ್ದು 1997ರ ಏಪ್ರಿಲ್ 11ರಂದು, ಲೋಕಸಭೆಯಲ್ಲಿ, ಕಣ್ಣು ಪೂರ್ತಿ ಬಿಟ್ಟುಕೊಂಡಿದ್ದಾಗಲೇ.

ಆಮೇಲೆ ಬಂದವರು ಪಾಠ ಕಲಿತರು. ನಿದ್ದೆ ಬಿಡಲಿಲ್ಲ, ಕಣ್ಣು ಮುಚ್ಚುವ ಜಾಗ ಬದಲಾಯಿಸಿದರು. 2019ರ ಮೇ 18ರಂದು ಈಗಿನ ಪ್ರಧಾನಿ ಕೇದಾರನಾಥದ ಗುಹೆಯಲ್ಲಿ ಕನ್ನಡಕ ಹಾಕಿಕೊಂಡೇ ಕಣ್ಣು ಮುಚ್ಚಿ ಕೂತರು. ಅದು ಧ್ಯಾನ. (ಅವತ್ತು ದೇವೇಗೌಡರ ಹುಟ್ಟುಹಬ್ಬ. ಸುಮ್ನೆ ಹೇಳಿದೆ.) 2024ರಲ್ಲಿ ಕನ್ಯಾಕುಮಾರಿಯ ಬಂಡೆಯ ಮೇಲೆ 45 ಗಂಟೆ. ಅದೂ ಧ್ಯಾನ. ಕ್ಯಾಮೆರಾದವರು ಅಲ್ಲಿಗೂ ಹೋಗಿದ್ದರು, ಆದರೆ ಈ ಸಲ ಕದ್ದು ತೆಗೆಯುವ ಕಷ್ಟವಿರಲಿಲ್ಲ. ದಿನಕ್ಕೆ 3-4 ಗಂಟೆ ಮಾತ್ರ ಮಲಗುತ್ತೇನೆ ಅಂತ ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ. ಬೇರೆ ಮನೆಯ ಅಪ್ಪ ಹೀಗೆ ಹೇಳಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು.

ಎರಡೂ ಕಣ್ಣು ಬೇಡ, ಒಂದು ಮುಚ್ಚಿದರೂ ಕಷ್ಟವೇ. 2018ರ ಜುಲೈನಲ್ಲಿ ರಾಹುಲ್ ಗಾಂಧಿ ಲೋಕಸಭೆಯಲ್ಲಿ ಪ್ರಧಾನಿಯನ್ನು ಅಪ್ಪಿಕೊಂಡು ಬಂದು ಕೂತು ಕಣ್ಣು ಹೊಡೆದರು. ಅವಿಶ್ವಾಸ ಗೊತ್ತುವಳಿ ಮೇಲೆ ಯಾರು ಏನು ಮಾತಾಡಿದರು? ಕೇಳಬೇಡಿ. ಯಾವ ಕಣ್ಣು ಅಂತ ಬೇಕಾದರೆ ಕೇಳಿ.

ನಮ್ಮೂರ ಪಂಚಾಯಿತಿ ಸದಸ್ಯರೊಬ್ಬರಿಗೂ ಈಗ ದಿಲ್ಲಿಯ ಆಸೆ ಹುಟ್ಟಿದೆ. ಹೋದ ತಿಂಗಳ ಸಭೆಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದರು. ಕುಡಿಯುವ ನೀರಿನ ಚರ್ಚೆ ಎರಡು ಗಂಟೆ ನಡೆಯಿತು. ಅವರು ಅಲುಗಾಡಲಿಲ್ಲ. ಎಲ್ಲ ಚೆನ್ನಾಗೇ ಇತ್ತು, ಗೊರಕೆಯೊಂದು ಬಾರದಿದ್ದರೆ.