ಮಣ್ಣು ಕುರಿದು, ಕಾರ್ಡು ನಂದು

ನಮ್ಮ ಶ್ರೀನಿವಾಸಪುರದ ಕಡೆ ಮಾವಿನ ಮರಕ್ಕೆ ಗೊಬ್ಬರ ಹಾಕುವುದು ಮೊದಲೆಲ್ಲ ಸುಲಭವಿತ್ತು. ಮುಂಗಾರು ಹನಿಸಿದ ಮೇಲೆ ಬುಡದಿಂದ ಒಂದು ಮಾರು ದೂರ ಪಾತಿ ಬಿಡಿಸಿ, ಎರಡು ಮಂಕರಿ ಕೊಟ್ಟಿಗೆ ಗೊಬ್ಬರ ಸುರಿದರೆ ಮುಗೀತು. ಈಗ ಹಾಗಲ್ಲ. ಈಗ ನಿಖರ ಕೃಷಿ, ಅಂದರೆ ಮಣ್ಣು ಪರೀಕ್ಷಿಸಿ ಅಳೆದು ತೂಗಿ ಹಾಕುವುದು.

ನನ್ನ ಒಂದೂವರೆ ಎಕರೆಗೂ ಮಣ್ಣು ಆರೋಗ್ಯ ಕಾರ್ಡ್ ಬಂದಿದೆ, ಮಣ್ಣಲ್ಲಿ ಏನೆಷ್ಟಿದೆ, ಗೊಬ್ಬರ ಎಷ್ಟು ಬೇಕು ಅಂತ ಹೇಳುವ ಸರ್ಕಾರಿ ಚೀಟಿ. 2015ರಲ್ಲಿ ಶುರುವಾದ ಯೋಜನೆ. ಸಾರಜನಕ, ರಂಜಕದಿಂದ ಹಿಡಿದು ಸತು, ಬೋರಾನ್‌ವರೆಗೆ 12 ಅಂಶ. ಬೋರಾನ್ ಮುಂದೆ ಚುಕ್ಕಿ ಇಟ್ಟು ಎರಡು ಅಂಕಿ. ನನ್ನ ಶುಗರ್ ರಿಪೋರ್ಟೂ ಇಷ್ಟು ಕರಾರುವಾಕ್ಕಾಗಿ ಬಂದಿರಲಿಲ್ಲ.

ಆಮೇಲೆ ಗೊತ್ತಾಯಿತು. ಮಳೆ ನಂಬಿದ ಜಮೀನಿನಲ್ಲಿ 10 ಹೆಕ್ಟೇರಿಗೆ ಒಂದೇ ಮಾದರಿ ತೆಗೆಯುವುದು ಪದ್ಧತಿ. ಹತ್ತಿರ ಹತ್ತಿರ 25 ಎಕರೆ! ನನ್ನ ಮಾವು, ಪಕ್ಕದವರ ರಾಗಿ, ಆಚೆಯ ನೀಲಗಿರಿ ತೋಪು, ಎಲ್ಲಾ ಒಂದೇ ಲೆಕ್ಕ. ಮಣ್ಣು ಅಗೆದದ್ದು ಬೈಕ್ ನಿಲ್ಲಿಸಲು ನೆರಳಿದ್ದ ಕಡೆ, ಅಂದರೆ ಕುರಿಮಂದೆ ಬಿಡುವ ಜಾಗದಲ್ಲಿ. ಹಾಗಾಗಿ ನನ್ನ ಮರಗಳಿಗೆ ಸಾರಜನಕ ಬೇಕಾದಷ್ಟಿದೆ. ಕುರಿಗಳಿಗೆ ಥ್ಯಾಂಕ್ಸ್.

ನಿಖರ ಕೃಷಿಗೆ ಬಳಸುವ ಉಪಗ್ರಹದ ಕಥೆ ಕೇಳಿ. ಸೆಂಟಿನೆಲ್-2 ತೆಗೆಯುವ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಾವು ಮಾವು ನೆಡುವ ಅಂತರವೂ ಅಷ್ಟೇ, ಅಲ್ವಾ? 786 ಕಿಲೋಮೀಟರ್ ಮೇಲಿರುವುದಕ್ಕೆ ಮರಕ್ಕೊಂದು ಚುಕ್ಕಿ. ಗುದ್ದಲಿ ಹಿಡಿದು ತೋಟದ ತನಕ ಬಂದವರಿಗೆ 25 ಎಕರೆಯೇ ಒಂದು ಚುಕ್ಕಿ.

ಇರಲಿ, ಕಾರ್ಡ್ ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋದೆ.

"ಪೊಟ್ಯಾಷ್ ಕೊಡಿ."

"ಸ್ಟಾಕಿಲ್ಲ. ಯೂರಿಯಾ ಇದೆ. 45 ಕಿಲೋ ಮೂಟೆ, 266 ರೂಪಾಯಿ 50 ಪೈಸೆ. ಜೊತೆಗೆ ಈ ದ್ರವ ಗೊಬ್ಬರದ ಬಾಟಲಿ ತಗೋಬೇಕು."

"ಯೂರಿಯಾ ಅಂದ್ರೆ ಸಾರಜನಕ ತಾನೇ? ಅದು ಜಾಸ್ತಿ ಇದೆ ಅಂತ ಕಾರ್ಡ್‌ನಲ್ಲಿ..."

"ಕಾರ್ಡ್ ನಡೆಯಲ್ಲಣ್ಣ. ಕ್ಯಾಶ್, ಇಲ್ಲ ಫೋನ್‌ಪೇ."

ಬರಿಗೈಲಿ ವಾಪಸ್ ಬರೋದು ಹೇಗೆ? ಮೂಟೆ, ಬಾಟಲಿ ಎರಡೂ ತಂದೆ.

"ಮರಕ್ಕೆ ಎಷ್ಟು ಹಾಕ್ಲಿ?" ಅಂದ ಆಳು. ಕಾರ್ಡ್ ಮಾತಾಡುವುದು ಹೆಕ್ಟೇರಿನ ಲೆಕ್ಕದಲ್ಲಿ. ಅದನ್ನು ಎಕರೆಗೆ ಇಳಿಸಿ, ಎಕರೆಗೆ 40 ಮರ ಅಂತ ಭಾಗಿಸಿ, ನಾನು ಫೋನಿನಲ್ಲಿ ಗ್ರಾಮ್‌ವರೆಗೆ ಲೆಕ್ಕ ತೆಗೆದೆ. ತಲೆ ಎತ್ತಿ ನೋಡಿದರೆ ಅವನು ಮರಕ್ಕೆರಡು ಬೊಗಸೆಯಂತೆ ಹಾಕುತ್ತಾ ನಾಲ್ಕನೇ ಸಾಲಿನಲ್ಲಿದ್ದ.

ಬಾಟಲಿಯನ್ನು ರಸ್ತೆ ಪಕ್ಕದ ಮರಕ್ಕೆ ನೇತುಹಾಕಿದ್ದಾನೆ. ದೃಷ್ಟಿಗಂತೆ.