ಲೇಸರ್‌ಗೆ ಮೊರದ ಗಾಳಿ

ಬೆಳಿಗ್ಗೆ ಚಟ್ನಿ ಅರ್ಧ ರುಬ್ಬಿದ್ದೆ, ಮಿಕ್ಸಿ ನಿಂತಿತು. ತುಮಕೂರಿನಲ್ಲಿ ಕರೆಂಟ್ ಹೋದರೆ ಮೊದಲು ಎದುರುಮನೆ ನೋಡಬೇಕು, ಅಲ್ವಾ? ಅಲ್ಲಿ ಟಿವಿ ಓಡುತ್ತಿತ್ತು. ಅಂದರೆ ಬಿದ್ದಿದ್ದು ನಮ್ಮನೆ ಎಂಸಿಬಿ, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್. ಅಂದರೆ ನನ್ನ ತಮ್ಮ.

ಎಲ್ಲಿಂದಲೋ ಹಳೇ ಆರ್ಗಾನ್ ಲೇಸರ್ ತಂದಿದ್ದಾನೆ, ಆರ್ಗಾನ್ ಅನಿಲ ತುಂಬಿದ ಟ್ಯೂಬಿನಿಂದ ಬೆಳಕು ಬರುವಂಥದ್ದು. 1964ರಲ್ಲಿ ವಿಜ್ಞಾನಿ ವಿಲಿಯಂ ಬ್ರಿಡ್ಜಸ್ ಕಂಡುಹಿಡಿದ ಜಾತಿಯದು. ಅಮೆರಿಕದ ಮಾಲು, 110 ವೋಲ್ಟಿನದು. ನಮ್ಮ 230ಕ್ಕೆ ಹಾಕಲು ಮಧ್ಯೆ ಒಂದು ಭಾರಿ ಟ್ರಾನ್ಸ್‌ಫಾರ್ಮರ್ ಬೇಕು. ಅದೋ, ಸ್ವಿಚ್ ಹಾಕಿದ ಕ್ಷಣ ಗಬಕ್ಕನೆ ಕರೆಂಟ್ ಎಳೆಯುತ್ತದೆ, ಜೊತೆಗೆ ಗೀಸರೂ ಮಿಕ್ಸಿಯೂ ಇದ್ದರೆ ಮುಗಿಯಿತು. "ಟ್ಯೂಬಿಗೆ ಬರೀ 10 ಆಂಪ್ಸ್ ಅಕ್ಕ" ಅನ್ನುತ್ತಾನೆ. ಸುಮಾರು ಒಂದೂವರೆ ಕಿಲೋವ್ಯಾಟ್ ನುಂಗಿ ಅದು ಕೊಡುವ ಬೆಳಕು ಹತ್ತಾರು ಮಿಲಿವ್ಯಾಟ್ ಅಷ್ಟೇ. ಮಿಕ್ಕಿದ್ದೆಲ್ಲ ಬರೀ ಬಿಸಿ. ಬಿಲ್ ಕಟ್ಟುವವಳು ನಾನು.

ಮೊನ್ನೆ ನಿಜವಾಗಿಯೂ ಕರೆಂಟ್ ಹೋಯಿತು. (ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು, ಇರಲಿ.) ಲೇಸರ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಅದರ ಫ್ಯಾನ್ ಓಡಬೇಕಂತೆ, ಇಲ್ಲದಿದ್ದರೆ ಟ್ಯೂಬಿಗೆ ಅಪಾಯ. ಫ್ಯಾನಿಗೆ ಕರೆಂಟೆಲ್ಲಿ? ಇವನು ಅಡುಗೆಮನೆಗೆ ನುಗ್ಗಿದ, ಮೊರ ಎತ್ತಿಕೊಂಡ, ಲುಂಗಿ ಕಟ್ಟಿ ಕುಕ್ಕರಗಾಲಲ್ಲಿ ಕೂತು ಬೀಸತೊಡಗಿದ. ಬಾಡಿಗೆ ಕೇಳಲು ಬಂದ ಓನರ್ ಅಜ್ಜಿ ಬಾಗಿಲಲ್ಲೇ ನಿಂತರು.

"ಏನೋ ಇದು, ಹೋಮಾನಾ?"

"ಲೇಸರ್ ಅಜ್ಜಿ, ಕಾದುಬಿಟ್ಟಿದೆ."

"ಮೊರ ಹಿಡಿಯೋದು ಹಾಗಲ್ಲ ಕಣೋ" ಎಂದು ಕಿತ್ತುಕೊಂಡು ತಾವೇ ಬೀಸಿದರು. ಮೊರದಲ್ಲಿದ್ದ ರಾಗಿ ಹೊಟ್ಟೆಲ್ಲ ಹಾರಿ ಲೇಸರ್ ಮೂತಿಯ ಕನ್ನಡಿಯ ಮೇಲೆ ಕೂತಿತು. "ಅಜ್ಜಿ, ಕನ್ನಡಿ! ಕನ್ನಡಿ!" ಎಂದು ಇವನು ಕಿರುಚಿದ. ಅಜ್ಜಿ ಸುತ್ತ ಹುಡುಕಿ, "ಈಗ ಮುಖ ನೋಡ್ಕೊಂಡು ಏನ್ ಮಾಡ್ತೀಯೋ?" ಅಂದರು. ಬೀಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಈಗ ಇವನ ಕಣ್ಣು ದೊಡ್ಡ ಲೇಸರ್ ಮೇಲೆ. ಅದಕ್ಕೆ ತ್ರೀ ಫೇಸ್ ಬೇಕು, ತಣ್ಣಗಿಡಲು ಹರಿಯುವ ನೀರೂ ಬೇಕು. 20 ಕಿಲೋವ್ಯಾಟ್ ದಾಟುವವೂ ಇವೆಯಂತೆ, ಅಂದರೆ ಹತ್ತು ಎಚ್‌ಪಿ ಮೋಟಾರು ಮೂರು ಓಡಿಸಿದಷ್ಟು. "ಊರಿನ ತೋಟದಲ್ಲಿ ತ್ರೀ ಫೇಸೂ ಇದೆ, ಬೋರ್‌ವೆಲ್ಲೂ ಇದೆ, ಅಲ್ವಾ ಅಕ್ಕ?"

ಅದೇ ತ್ರೀ ಫೇಸಿಗಾಗಿ ಅಪ್ಪ ರಾತ್ರಿಯೆಲ್ಲ ಪಂಪ್‌ಹೌಸಿನಲ್ಲಿ ಟಾರ್ಚ್ ಹಿಡಿದು ಕಾಯುತ್ತಿದ್ದರು. ಬಂದರೆ ತೆಂಗಿಗೆ ನೀರು, ಬರದಿದ್ದರೆ ಬರೀ ಸೊಳ್ಳೆ. ಸ್ವಲ್ಪ ಹೊತ್ತು ನನಗೆ ಬೈಯಲೂ ಆಗಲಿಲ್ಲ.

"ಮೊದಲು ತೆಂಗಿಗೆ ನೀರು ಬಿಡು" ಅಂದೆ. ಅವನು ಆಗಲೇ ಪೈಪಿನ ಅಳತೆ ಬರೆದುಕೊಳ್ಳುತ್ತಿದ್ದ.