ಬೀಗ ಹಾಕಿದ ಫೋನು, ತಿಂಗಳ ಬಾಡಿಗೆ: ಕಾಸಿಗೆ ತಕ್ಕ ಕಜ್ಜಾಯವೇ?

ತಯಾರಿಸಿದ ಕಂಪನಿ ಒಪ್ಪಿದ ಆ್ಯಪ್‌ಗಳನ್ನು ಮಾತ್ರ ಒಳಗೆ ಬಿಡುವ ಫೋನು, ಅದರೊಳಗಿನ ಫೋಟೊ ಮತ್ತು ಕಾಗದಪತ್ರಗಳನ್ನು ಕಾಪಿಡಲು ಪ್ರತಿ ತಿಂಗಳೂ ಕಟ್ಟುವ ಚಂದಾ. ಇವಕ್ಕೆ ಹಣ ಸುರಿಯುವುದು ಸರಿಯೇ? ಇಬ್ಬರು ಬರೆದ ಉತ್ತರ ಇಲ್ಲಿದೆ.

ಪರ: ನಾನು ಕೊಂಡದ್ದೇ ಆ ಬೀಗವನ್ನು

ಎರಡು ವರ್ಷಗಳ ಹಿಂದೆ ಸಾಗರದಲ್ಲಿರುವ ಅಮ್ಮನ ಮೊಬೈಲಿಗೆ ಒಂದು ಲಗ್ನಪತ್ರಿಕೆ ಬಂತು. ಪರಿಚಯದವರ ನಂಬರಿನಿಂದಲೇ ಬಂದಿತ್ತು. ಯಾರ ಮನೆಯ ಮದುವೆಯೋ ನೋಡೋಣವೆಂದು ಅಮ್ಮ ಒತ್ತಿದರು. ಅದು ಪತ್ರಿಕೆಯಾಗಿರಲಿಲ್ಲ, ಎಪಿಕೆ ಕಡತವಾಗಿತ್ತು. ಅಂದರೆ ಅಧಿಕೃತ ಆ್ಯಪ್ ಅಂಗಡಿಯ ಹೊಸ್ತಿಲನ್ನು ತುಳಿಯದೆ ನೇರವಾಗಿ ಫೋನಿಗೆ ಇಳಿಯುವ ಆ್ಯಪ್. ಅದು ಎಸ್‌ಎಂಎಸ್ ಓದುವ ಅನುಮತಿ ಪಡೆಯಿತು. ಬ್ಯಾಂಕಿನ ಒಟಿಪಿ ಅಮ್ಮನ ಕಣ್ಣಿಗೆ ಬೀಳುವ ಮೊದಲೇ ಬೇರೆಯವರ ಕೈ ಸೇರಿತು. ರಾತ್ರಿಯಾಗುವುದರೊಳಗೆ ಪಿಂಚಣಿ ಖಾತೆಯಿಂದ 38 ಸಾವಿರ ರೂಪಾಯಿ ಹೋಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು, ಠಾಣೆಗೆ ಅಲೆದೆವು, ಒಂದಿಷ್ಟು ಹಣ ಮರಳಿತು. ಮರಳದೇ ಹೋದದ್ದು ಅಮ್ಮನ ಧೈರ್ಯ. ಆಮೇಲೆ ಆರು ತಿಂಗಳು ಅವರು ಫೋನಿಗೆ ಬಂದ ಯಾವ ಚಿತ್ರವನ್ನೂ ತೆರೆಯಲಿಲ್ಲ, ಮೊಮ್ಮಗಳು ಕಳಿಸಿದ್ದನ್ನೂ ಕೂಡ.

ಆ ಹಳೆಯ ಫೋನು ಎಚ್ಚರಿಸಲಿಲ್ಲವೆಂದಲ್ಲ. ಎಚ್ಚರಿಕೆಯ ಚೌಕವೊಂದು ಮೂಡಿತ್ತಂತೆ, ಇಂಗ್ಲಿಷಿನಲ್ಲಿ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ನನ್ನ ಅಮ್ಮ ಅದರ ಕೆಳಗಿದ್ದ ಗುಂಡಿಯನ್ನು ಒತ್ತಿದರು. ದಿನಕ್ಕೆ ಹತ್ತಾರು ಬಾರಿ ಮೂಡುವ ಅಂಥ ಚೌಕಗಳಿಗೆ ಅದನ್ನೇ ಒತ್ತಿ ಅವರಿಗೆ ರೂಢಿಯಾಗಿತ್ತು. ತೆರೆದ ಫೋನು, ಬಳಸುವವರ ಸ್ವಾತಂತ್ರ್ಯ ಎಂದೆಲ್ಲ ಮಾತು ಬಂದಾಗ ನನಗೆ ನೆನಪಾಗುವುದು ಆ ಚೌಕ. ಅಮ್ಮನಿಗೆ ಸಿಕ್ಕ ಆಯ್ಕೆ ಅದೊಂದೇ.

ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗಾಯಿತು ಎಂದು ತಮ್ಮ ನೊಂದುಕೊಂಡ. ಆದರೂ ಹಾಕಿದೆ. ಯಾರೋ ಬಳಸಿದ ಐಫೋನೊಂದನ್ನು ಕೊಂಡು ಅಮ್ಮನ ಕೈಗಿಟ್ಟೆ. ಎಪಿಕೆ ಅದರಲ್ಲಿ ಇಳಿಯುವುದೇ ಇಲ್ಲ. ಯುರೋಪಿನ ಒಕ್ಕೂಟದಲ್ಲಿ 2024ರಿಂದ ಬೇರೆಯವರ ಆ್ಯಪ್ ಅಂಗಡಿಗಳಿಗೂ ಐಫೋನಿನಲ್ಲಿ ಜಾಗ ಕೊಡಬೇಕಾಗಿ ಬಂದಿದೆ. ಅದನ್ನು ಗೆಲುವು ಎಂದು ಸಂಭ್ರಮಿಸಿದವರನ್ನು ಕಂಡು ನನಗೆ ಸಂತೋಷವಾಗಲಿಲ್ಲ.

ಇನ್ನು ಬಾಡಿಗೆಯ ಮಾತು. ನಮ್ಮ ಮನೆಯಲ್ಲಿ ಆರು ಜನ. ಐಫೋನ್ ತಯಾರಿಸುವ ಆ್ಯಪಲ್ ಕಂಪನಿ ಅಂತರಜಾಲದಲ್ಲಿ ಕೊಡುವ 200 ಜಿಬಿ ಐಕ್ಲೌಡ್ ಜಾಗಕ್ಕೆ ತಿಂಗಳಿಗೆ 219 ರೂಪಾಯಿ ಕಟ್ಟಿ ಆರೂ ಜನ ಹಂಚಿಕೊಂಡಿದ್ದೇವೆ. ತಲೆಗೆ 37 ರೂಪಾಯಿಯೂ ಬೀಳುವುದಿಲ್ಲ. ಅಪ್ಪನ ಕೊನೆಯ ವರ್ಷದ ಫೋಟೊಗಳು, ಮಗಳ ಮೊದಲ ಹೆಜ್ಜೆಯ ವಿಡಿಯೊ, ಜಮೀನಿನ ಪಹಣಿಯ ಪ್ರತಿ ಎಲ್ಲವೂ ಅಲ್ಲಿವೆ. ಉಚಿತ ಎಂದು ನಂಬಿದ್ದರ ಗತಿ ಏನಾಯಿತೆಂದೂ ನೋಡಿದ್ದೇವೆ. ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ ಎಷ್ಟು ಬೇಕಾದರೂ ಇಟ್ಟುಕೊಳ್ಳಿ ಎಂದಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತು, ಎಲ್ಲ ಸೇರಿ 15 ಜಿಬಿ ಎಂಬ ಮಿತಿ ಬಂತು. ಹಣ ಕೊಟ್ಟು ಪಡೆದದ್ದಕ್ಕೆ ಒಂದು ಒಪ್ಪಂದವಾದರೂ ಇರುತ್ತದೆ.

ದುಬಾರಿ ಎನ್ನುವವರು ವರ್ಷಗಳನ್ನೂ ಎಣಿಸಬೇಕು. 2015ರ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಂದ ಐಫೋನ್ 6ಎಸ್‌ಗೆ 2021ರಲ್ಲಿ ಬಂದ ಐಒಎಸ್ 15, ಅಂದರೆ ಐಫೋನನ್ನು ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಕೂಡ ಸಿಕ್ಕಿತು. ಆ ಕಾಲದ ಕಡಿಮೆ ಬೆಲೆಯ ಫೋನುಗಳು ಎರಡು ವರ್ಷ ಕಳೆಯುವಷ್ಟರಲ್ಲಿ ತಯಾರಕರಿಗೇ ಮರೆತುಹೋಗುತ್ತಿದ್ದವು. ಸುರಕ್ಷತೆಯ ತೇಪೆ ಬೀಳದ ಫೋನಿನಲ್ಲಿ ಯುಪಿಐ ಬಳಸುವುದೆಂದರೆ ಚಿಲಕ ಮುರಿದ ಪೆಟ್ಟಿಗೆಯಲ್ಲಿ ಒಡವೆ ಇಟ್ಟಂತೆ.

ಕೊನೆಯದಾಗಿ ಒಂದು ಲೆಕ್ಕ. 2021ರ ಏಪ್ರಿಲಿನಲ್ಲಿ ಬಂದ ಐಒಎಸ್ 14.5ರಿಂದ, ಯಾವ ಆ್ಯಪ್ ಆದರೂ ನಮ್ಮನ್ನು ಬೇರೆ ಆ್ಯಪ್‌ಗಳಲ್ಲಿ ಹಿಂಬಾಲಿಸಬೇಕಾದರೆ ಮೊದಲು ನಮ್ಮನ್ನು ಕೇಳಬೇಕು. ಇದರಿಂದ 2022ರಲ್ಲಿ ತನಗೆ ಸುಮಾರು 10 ಶತಕೋಟಿ ಡಾಲರ್ ಆದಾಯ ಖೋತಾ ಆಗಬಹುದೆಂದು ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿಯೇ ಹೇಳಿತು. ನಮ್ಮ ಮೇಲಿನ ಕಣ್ಗಾವಲಿಗೆ ಅಷ್ಟು ಬೆಲೆಯಿತ್ತು! ನಾನು ಕೊಡುವ ಹಣ ನನ್ನ ಕೈಯಿಂದ ಹೋಗುತ್ತದೆ, ಎಷ್ಟು ಹೋಯಿತೆಂದು ನನಗೆ ಗೊತ್ತಿರುತ್ತದೆ.

ಹೋದ ವಾರ ಅಮ್ಮ ಮೊಮ್ಮಗಳ ಭರತನಾಟ್ಯದ ವಿಡಿಯೊ ತೆರೆದು ನೋಡಿ, ಅಕ್ಕಪಕ್ಕದವರಿಗೂ ಕಳಿಸಿದರು. ತೆರೆಯಬಹುದೇ ಎಂದು ನನ್ನನ್ನು ಕೇಳಲಿಲ್ಲ.

ವಿರೋಧ: ಹಣ ಕೊಡೋಣ, ಹೊರಗೆ ಹೋಗುವ ಬಾಗಿಲೂ ಇರಲಿ

ಮೇಲಿನ ಬರಹವನ್ನು ಓದಿದ ಮೇಲೆ ಬರೆಯುತ್ತಿದ್ದೇನೆ. ಆ ತಾಯಿಯ ಫೋನಿಗೆ ಬೀಗ ಬೇಕಿತ್ತು, ಅನುಮಾನವೇ ಇಲ್ಲ. ಆದರೆ ಮನೆಗೆ ಬೀಗ ಹಾಕಿಕೊಳ್ಳುವುದಕ್ಕೂ ಮನೆ ಮಾರಿದವನೇ ಬೀಗ ಜಡಿದು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವುದಕ್ಕೂ ವ್ಯತ್ಯಾಸವಿದೆ. ಸ್ಯಾಮ್‌ಸಂಗ್ 2023ರಲ್ಲಿ ತನ್ನ ಫೋನುಗಳಿಗೆ ಆಟೋ ಬ್ಲಾಕರ್ ಎಂಬ ಸೌಲಭ್ಯವನ್ನು ಸೇರಿಸಿತು. ಅದನ್ನು ಒಮ್ಮೆ ಚಾಲೂ ಮಾಡಿದರೆ ಹೊರಗಿನ ಎಪಿಕೆ ಇಳಿಯುವುದಿಲ್ಲ. ಬೇಡವೆನಿಸಿದ ದಿನ ಫೋನಿನ ಒಡೆಯರೇ ಅದನ್ನು ತೆಗೆಯಬಹುದು. ಮಗಳು ಅಮ್ಮನ ಫೋನಿನಲ್ಲಿ ಅದನ್ನು ಹಾಕಿಟ್ಟರೆ ಆ ಲಗ್ನಪತ್ರಿಕೆ ಹೊರಗೇ ಉಳಿಯುತ್ತದೆ. ಅದಕ್ಕಾಗಿ ಇಡೀ ಫೋನಿನ ಯಜಮಾನಿಕೆಯನ್ನು ಬಿಟ್ಟುಕೊಡಬೇಕಾಗಿಲ್ಲ. ಇನ್ನೊಂದು ಮಾತು: ಪೊಲೀಸರ ವೇಷ ಹಾಕಿ ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಯಾವ ಆ್ಯಪನ್ನೂ ಇಳಿಸುವುದಿಲ್ಲ, ಹೆದರಿದವರ ಕೈಯಿಂದಲೇ ಹಣ ಕಳಿಸಿಕೊಳ್ಳುತ್ತಾರೆ. ಎಷ್ಟು ದುಬಾರಿ ಫೋನಾದರೂ ಅಲ್ಲಿ ಕೆಲಸಕ್ಕೆ ಬಾರದು.

ಬೀಗದ ಬಿಸಿ ನನಗೆ ತಟ್ಟಿದ್ದು ಕನ್ನಡದ ಮೂಲಕ. ಐಫೋನ್ ಬಂದದ್ದು 2007ರಲ್ಲಿ. ಬೇರೆಯವರು ತಯಾರಿಸಿದ ಕೀಲಿಮಣೆಯನ್ನು ಅದಕ್ಕೆ ಹಾಕಿಕೊಳ್ಳಲು 2014ರ ಐಒಎಸ್ 8ರವರೆಗೂ ಕಂಪನಿ ಬಿಡಲಿಲ್ಲ. ಅದರದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಐಒಎಸ್ 11ರ ಜೊತೆ. 2011ರ ಜನಗಣತಿಯ ಪ್ರಕಾರ 4 ಕೋಟಿ 37 ಲಕ್ಷ ಜನರ ತಾಯ್ನುಡಿಯಾಗಿರುವ ಭಾಷೆ ಹತ್ತು ವರ್ಷ ಹೊಸ್ತಿಲ ಹೊರಗೆ ಕಾದಿತ್ತು. ಆಂಡ್ರಾಯ್ಡ್‌ನಲ್ಲಿ ಅಷ್ಟು ಹೊತ್ತಿಗೆ ಹೊರಗಿನವರು ಮಾಡಿದ ಕನ್ನಡ ಕೀಲಿಮಣೆಗಳು ಓಡಾಡುತ್ತಿದ್ದವು. ನಮ್ಮಂಥ ಸಣ್ಣ ಮಾರುಕಟ್ಟೆಯ ಭಾಷೆಗಳು ಉಳಿದಿರುವುದೇ ಹೀಗೆ ಯಾರ ಅಪ್ಪಣೆಗೂ ಕಾಯದೆ ಕೆಲಸ ಮಾಡಿದವರಿಂದ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿದ್ದು ಯಾವ ದೊಡ್ಡ ಕಂಪನಿಯ ಬಾಗಿಲಲ್ಲೂ ನಿಂತಲ್ಲ. ಅದನ್ನೇ ‘ನುಡಿ’ ತಂತ್ರಾಂಶ ಬಳಸಿಕೊಂಡಿತು, ಸರ್ಕಾರ ಒಪ್ಪಿಕೊಂಡಿತು, ನನ್ನ ಬೆರಳುಗಳು ಅದರಲ್ಲೇ ಪಳಗಿದವು. ಗಣಕಗಳಿಗೂ ಆಗ ಇಂಥ ಬೀಗವಿದ್ದಿದ್ದರೆ ಆ ಕೀಲಿಮಣೆ ಯಾರ ಮೇಜಿಗೂ ತಲುಪುತ್ತಿರಲಿಲ್ಲ. ಈ ವಿಷಯದಲ್ಲಿ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ರಿಪೇರಿಯ ಕಥೆಯೂ ಇದೇ. ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ನಮ್ಮದೇ ಹೆಣ್ಣುಮಕ್ಕಳು, ಗಂಡುಮಕ್ಕಳು ಐಫೋನುಗಳನ್ನು ಜೋಡಿಸುತ್ತಾರೆ. ಅಲ್ಲಿಂದ ಬೆಂಗಳೂರಿಗೆ ಬಂದು, ಎಸ್. ಪಿ. ರಸ್ತೆಯ ಅಂಗಡಿಯಲ್ಲಿ ಅದೇ ಫೋನನ್ನು ಬಿಚ್ಚಿ ಹೊರಗಿನ ಬ್ಯಾಟರಿ ಹಾಕಿಸಿದರೆ, ಇದು ಅಸಲಿಯೆಂದು ಖಚಿತಪಡಿಸಲಾಗದು ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ. ಬಿಡಿಭಾಗಗಳನ್ನು ಒಂದಕ್ಕೊಂದು ತಂತ್ರಾಂಶದಿಂದಲೇ ಗಂಟು ಹಾಕುವ ಪದ್ಧತಿ ಇದು. 2021ರಲ್ಲಿ ಐಫೋನ್ 13 ಬಂದಾಗ, ಹೊರಗಿನವರು ಪರದೆ ಬದಲಿಸಿದರೆ ಮುಖ ಗುರುತಿಸುವ ಫೇಸ್ ಐಡಿಯೇ ಕೆಲಸ ಮಾಡುತ್ತಿರಲಿಲ್ಲ. ರಿಪೇರಿಯವರು ಜಗತ್ತಿನಾದ್ಯಂತ ಪ್ರತಿಭಟಿಸಿದ ಮೇಲೆ ಕಂಪನಿ ಒಂದು ತಂತ್ರಾಂಶ ನವೀಕರಣದಲ್ಲಿ ಅದನ್ನು ಸರಿಪಡಿಸಿತು. ಕೈಯಲ್ಲಿದ್ದ ಫೋನು, ಅದರ ಗಾಜು, ಅದರ ತಂತಿ ಯಾವುದೂ ಬದಲಾಗಲಿಲ್ಲ. ಅಷ್ಟು ಸುಲಭವಾಗಿ ತೆಗೆಯಬಹುದಾಗಿದ್ದ ಅಡ್ಡಿಯನ್ನು ಸುರಕ್ಷತೆಗಾಗಿ ಇಟ್ಟಿದ್ದರೆಂದು ನಾನು ಹೇಗೆ ನಂಬಲಿ? ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಈ ಗಂಟು ಹಾಕುವ ಪದ್ಧತಿಯ ವಿರುದ್ಧವೇ ಕಾನೂನು ಮಾಡಿತು. ನಮ್ಮಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಜಾಲತಾಣ ತೆರೆದಿದೆ. ಒರೆಗಾನ್‌ನಂಥ ಕಾನೂನೇ ನಮಗೂ ಬೇಕು. ಕೈಚಳಕವನ್ನೇ ನಂಬಿ ಬದುಕುವ ಎಷ್ಟೋ ಅಂಗಡಿಗಳ ಅನ್ನದ ಪ್ರಶ್ನೆ ಇದು.

ಬಾಡಿಗೆಯ ಬಗ್ಗೆ ನನ್ನ ತಕರಾರು ಮೊತ್ತದ್ದಲ್ಲ. 219 ರೂಪಾಯಿ ದೊಡ್ಡ ಮೊತ್ತವೇನಲ್ಲ. ಬಾಡಿಗೆಯ ಅಗತ್ಯವನ್ನು ಹುಟ್ಟಿಸುವ ರೀತಿಯನ್ನು ನೋಡಿ. 2011ರಲ್ಲಿ ಐಕ್ಲೌಡ್ ಶುರುವಾದಾಗ ಉಚಿತವಾಗಿ ಕೊಟ್ಟದ್ದು 5 ಜಿಬಿ, ಆಗಿನ ಐಫೋನ್ 4ಎಸ್ ಸಿಗುತ್ತಿದ್ದುದು 16 ಜಿಬಿಯಿಂದ. ಹತ್ತು ವರ್ಷದ ನಂತರ ಐಫೋನ್ 13 ಶುರುವಾದದ್ದು 128 ಜಿಬಿಯಿಂದ, ಉಚಿತ ಜಾಗ ಮಾತ್ರ ಅದೇ 5 ಜಿಬಿ. ಗೂಗಲ್ ಕೊಡುವ 15 ಜಿಬಿಯಲ್ಲಿ ಫೋಟೊಗಳೂ ಜಿಮೇಲ್ ಅಂಚೆಯೂ ಒಂದೇ ಗೂಡಿನಲ್ಲಿವೆ. ಅದು ತುಂಬಿದರೆ ಬರಬೇಕಾದ ಅಂಚೆಯೇ ನಿಲ್ಲುತ್ತದೆ. ಕೆಲಸದ ಕರೆಯೋಲೆ, ಆಸ್ಪತ್ರೆಯ ವರದಿ, ಮಕ್ಕಳ ಪರೀಕ್ಷೆಯ ಪ್ರವೇಶಪತ್ರ ಬರುವ ವಿಳಾಸವದು. ಅಂಥ ಸ್ಥಿತಿಯಲ್ಲಿ ಕಟ್ಟುವ ಹಣವನ್ನು ಮನಸಾರೆ ಕೊಟ್ಟ ಚಂದಾ ಎಂದು ನಾನು ಕರೆಯಲಾರೆ.

ಕಣ್ಗಾವಲನ್ನು ತಡೆದರೆಂಬ ಹೆಮ್ಮೆಯ ಮಾತಿಗೂ ಉತ್ತರ ಹೇಳಬೇಕು. ಬೇರೆಯವರ ಜಾಹೀರಾತಿಗೆ ತಡೆ ಹಾಕಿದ ಆ್ಯಪಲ್ ತನ್ನ ಆ್ಯಪ್ ಅಂಗಡಿಯಲ್ಲಿ ತಾನೇ ಜಾಹೀರಾತು ಮಾರುತ್ತದೆ. ಈ ತಡೆಯನ್ನು ಜಾರಿಗೆ ತಂದ ರೀತಿಗಾಗಿಯೇ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ 2025ರ ಮಾರ್ಚಿನಲ್ಲಿ ಅದಕ್ಕೆ 15 ಕೋಟಿ ಯುರೋ ದಂಡ ವಿಧಿಸಿತು. ಆ್ಯಪ್‌ನೊಳಗೆ ಮಾರುವ ಡಿಜಿಟಲ್ ಸರಕಿನ ಮೇಲೆ ದೊಡ್ಡ ಕಂಪನಿಗಳಿಂದ ಅದು ಪಡೆಯುತ್ತ ಬಂದ ಪಾಲು ನೂರಕ್ಕೆ 30. ಅದೇ ಅಂಗಡಿಯಲ್ಲಿ ತನ್ನದೇ ಸಂಗೀತ ಸೇವೆಯನ್ನೂ ಮಾರಿಕೊಳ್ಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ? ಗೂಗಲ್ ಕೂಡ ಸಾಚಾ ಅಲ್ಲ. ಆಂಡ್ರಾಯ್ಡ್ ಹೆಸರಿಗೆ ತೆರೆದ ವ್ಯವಸ್ಥೆ. ಆದರೆ ತನ್ನ ಆ್ಯಪ್‌ಗಳನ್ನೆಲ್ಲ ಒಟ್ಟಿಗೇ ಹಾಕಬೇಕೆಂದು ಫೋನು ತಯಾರಕರನ್ನು ಕಟ್ಟಿಹಾಕಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಆಮೇಲೆ, 2023ರ ಜನವರಿಯಲ್ಲಿ, ಗೂಗಲ್ ಇಲ್ಲಿನ ತನ್ನ ನಿಯಮಗಳನ್ನು ಸಡಿಲಿಸಿತು. ಕಾನೂನು ಗಟ್ಟಿಯಾಗಿ ನಿಂತರೆ ಬೀಗ ಸಡಿಲಗೊಳ್ಳುತ್ತದೆ.

ನಮಗೆ ಇದರ ಒಳ್ಳೆಯ ಅನುಭವವೂ ಇದೆ. 2011ರ ಜನವರಿ 20ಕ್ಕಿಂತ ಮೊದಲು ಮೊಬೈಲ್ ಕಂಪನಿ ಬದಲಿಸಿದರೆ ನಮ್ಮಲ್ಲಿ ನಂಬರೂ ಹೋಗುತ್ತಿತ್ತು. ಅಂಗಡಿಯ ಫಲಕದ ಮೇಲೆ ಬಣ್ಣದಲ್ಲಿ ಬರೆಸಿದ ನಂಬರು, ನೆಂಟರೆಲ್ಲರ ಬಾಯಿಪಾಠದಲ್ಲಿದ್ದ ನಂಬರು. ಅದಕ್ಕಾಗಿ ಸಿಗ್ನಲ್ ಸಿಗದಿದ್ದರೂ ಜನ ಅದೇ ಸಿಮ್ಮಿಗೆ ಅಂಟಿಕೊಂಡಿದ್ದರು. ನಂಬರ್ ಪೋರ್ಟಬಿಲಿಟಿ ಬಂತು, ನಂಬರು ನಮ್ಮ ಜೊತೆಗೇ ಬರತೊಡಗಿತು. ಯಾವ ಕಂಪನಿಯೂ ಅದರಿಂದ ಮುಳುಗಲಿಲ್ಲ. ಫೋಟೊಗಳು, ಹಣ ಕೊಟ್ಟು ಕೊಂಡ ಆ್ಯಪ್‌ಗಳು, ಸಂದೇಶಗಳು ಹೀಗೇ ನಮ್ಮ ಬೆನ್ನಿಗೆ ಬರಬೇಕು. ಆಂಡ್ರಾಯ್ಡ್‌ನಲ್ಲಿ ಹಣ ಕೊಟ್ಟು ಕೊಂಡ ನಿಘಂಟಿನ ಆ್ಯಪನ್ನು ಐಫೋನಿನಲ್ಲಿ ಮತ್ತೊಮ್ಮೆ ಕೊಳ್ಳಬೇಕೆಂಬುದು ಯಾವ ನ್ಯಾಯ?

ಹಾಗೆಂದು ಚಂದಾ ಕಟ್ಟಬೇಡಿ ಎನ್ನುವುದಿಲ್ಲ, ನಾನೂ ಕಟ್ಟುತ್ತೇನೆ. ಯುಗಾದಿಗೊಮ್ಮೆ ಎಲ್ಲ ಫೋಟೊಗಳನ್ನೂ ಇಳಿಸಿ ಒಂದು ಹಾರ್ಡ್ ಡಿಸ್ಕಿಗೆ ತುಂಬಿಸುತ್ತೇನೆ. ಖಾತೆಗೆ ವಾರಸುದಾರರ ಹೆಸರು ಬರೆದಿಟ್ಟಿದ್ದೇನೆ. ಗೂಗಲ್‌ನಲ್ಲಿ ಈ ಸೌಲಭ್ಯ 2013ರಿಂದ ಇದೆ, ಆ್ಯಪಲ್‌ನಲ್ಲಿ 2021ರ ಡಿಸೆಂಬರಿನಿಂದ.

ಇದನ್ನು ನಾನು ಕಲಿತದ್ದು ಗೆಳೆಯನೊಬ್ಬನ ಮನೆಯಲ್ಲಿ. ಅವನ ತಂದೆ ವಾರಸುದಾರರನ್ನು ಹೆಸರಿಸಿರಲಿಲ್ಲ. ಅಂಥದ್ದೊಂದು ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ತೀರಿಕೊಂಡು ಮೂರು ವರ್ಷವಾಯಿತು. ಗುಪ್ತಪದ ಯಾರಿಗೂ ತಿಳಿಯದ ಅವರ ಫೋನು ಕಪಾಟಿನಲ್ಲಿದೆ. ನಲವತ್ತು ವರ್ಷದ ದಾಂಪತ್ಯದ ಫೋಟೊಗಳು ಆ ಖಾತೆಯಲ್ಲಿವೆ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದ ಬ್ಯಾಂಕ್ ಖಾತೆಯಿಂದ ಪ್ರತಿ ತಿಂಗಳೂ ಆ ಚಂದಾ ಈಗಲೂ ಹೋಗುತ್ತಿದೆ. ನಿಲ್ಲಿಸಿದರೆ ಫೋಟೊಗಳನ್ನು ಅಳಿಸಿಬಿಡುತ್ತಾರೇನೋ ಎಂದು ಅವನ ತಾಯಿ ನಿಲ್ಲಿಸಿಲ್ಲ.